ಗೂಡು ಬಿಟ್ಟ ಮರಿಗಳು ಎಲ್ಲಿ ಹೋದವು?

ಪ್ರಶ್ನೆ: ನಮಸ್ಕಾರ. ಮೆಲ್ಬರ್ನ್ ನಗರದ ಎತ್ತರದ ಕಟ್ಟಡವೊಂದರಲ್ಲಿ ಪೆರೆಗ್ರಿನ್ ಫಾಲ್ಕನ್ ಎಂಬ ಬೇಟೆ ಹಕ್ಕಿಯ ಗೂಡಿದೆ. ಮೊಮ್ಮಗಳು ಸ್ಕೂಲಿಗೆ ಹೊರಡುವ ಮುಂಚೆ ಇಬ್ಬರೂ ಕೂತು ಮೊಬೈಲ್‌ನಲ್ಲಿ ಅದರ ನೇರ ವಿಡಿಯೊ ನೋಡುತ್ತಿದ್ದೆವು. ಹತ್ತಿಯುಂಡೆಯಂತಿದ್ದ ಮೂರು ಮರಿ ನೋಡ್ತಾ ನೋಡ್ತಾ ಬೆಳೆದು ಒಂದೊಂದಾಗಿ ಹಾರಿಹೋದವು. ಈಗ ಖಾಲಿ ಕಟ್ಟೆ ಮಾತ್ರ ಕಾಣುತ್ತೆ. 'ಅಜ್ಜಿ, ಅವು ಬದುಕಿವೆಯಾ?' ಅಂತ ದಿನಾ ಕೇಳುತ್ತಾಳೆ. ಏನು ಹೇಳಲಿ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ನಿಜವನ್ನೇ ಹೇಳಿ. ಮೂರಕ್ಕೆ ಮೂರೂ ಒಂದು ವರ್ಷ ದಾಟುವುದು ಕಷ್ಟ. ಪೆರೆಗ್ರಿನ್ ಮರಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಮೊದಲ ವರ್ಷವೇ ಸಾಯುತ್ತವೆ. ಆ ವರ್ಷ ದಾಟಿದವು ಗಟ್ಟಿ, ಹತ್ತು ಹದಿನೈದು ವರ್ಷ ಬಾಳಿದವೂ ಇವೆ.

ನೀವು ನೋಡಿದ್ದು ಅವುಗಳ ಸುಖದ ದಿನಗಳು. ಮೊಟ್ಟೆಗೆ ಕಾವು ಸುಮಾರು 33 ದಿನ. ಮರಿ ಗೂಡಲ್ಲಿರುವುದು ಇನ್ನೊಂದು 40 ದಿನ, ಅಷ್ಟೂ ದಿನ ಊಟ ಬಾಯಿಗೇ ಬರುತ್ತೆ. ಕ್ಯಾಮೆರಾಗೆ ಕಾಣದ ಮುಂದಿನ ಒಂದೂವರೆ ಎರಡು ತಿಂಗಳಲ್ಲೇ ಇರುವುದು ಕಷ್ಟವೆಲ್ಲ. ಮರಿಗೆ ಹಾರಲು ಬಂದಿದೆ, ಇಳಿಯಲು ಬಂದಿಲ್ಲ, ಬೇಟೆ ಅಂತೂ ಗೊತ್ತೇ ಇಲ್ಲ. ಅಪ್ಪನೋ ಅಮ್ಮನೋ ಪಾರಿವಾಳ ಹಿಡಿದು ತಂದು ಆಕಾಶದಲ್ಲೇ ಕೈಬಿಡುತ್ತವೆ, ಕಿರುಚುತ್ತಾ ಹಿಂದೆ ಬಿದ್ದ ಮರಿ ಅದನ್ನು ಗಾಳಿಯಲ್ಲೇ ಹಿಡಿಯಬೇಕು. ಹಿಡಿಯದಿದ್ದರೆ ಊಟ ರಸ್ತೆ ಪಾಲು. ಇದೇ ಅವುಗಳ ಪಾಠಶಾಲೆ.

ನಗರದಲ್ಲಿ ಇನ್ನೊಂದು ಕಾಟ ಗಾಜು. ಗಾಜಿನ ಗೋಡೆಯಲ್ಲಿ ಆಕಾಶ ಕಂಡರೆ ಮರಿ ಅದನ್ನೇ ದಾರಿ ಅಂದುಕೊಂಡು ನುಗ್ಗುತ್ತದೆ. ಕೆಲವು ಮೊದಲ ಹಾರಾಟದಲ್ಲೇ ಆಯತಪ್ಪಿ ಬೀದಿಗೆ ಬೀಳುತ್ತವೆ, ಪೆಟ್ಟಾಗಿಲ್ಲದಿದ್ದರೂ ನೆಲದಿಂದ ಮೇಲೇಳುವಷ್ಟು ರೆಕ್ಕೆಗೆ ಬಲ ಇರುವುದಿಲ್ಲ. ಅದಕ್ಕೇ ಅಮೆರಿಕ, ಇಂಗ್ಲೆಂಡ್‌ನ ಹಲವು ಊರುಗಳಲ್ಲಿ ಆ ವಾರ ಸ್ವಯಂಸೇವಕರು ದುರ್ಬೀನು ಹಿಡಿದು ಬೀದಿ ಕಾಯುತ್ತಾರೆ. ಬಿದ್ದ ಮರಿಯನ್ನು ಎತ್ತಿ, ಪೆಟ್ಟಾಗಿದೆಯಾ ನೋಡಿ, ಅದೇ ಕಟ್ಟಡದ ತಾರಸಿ ಮೇಲೆ ಬಿಡುತ್ತಾರೆ. ನಮಗೇನು ಇದು ಹೊಸದಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರು ಮರದಿಂದ ಬಿದ್ದ ಹೆಜ್ಜಾರ್ಲೆ (ಪೆಲಿಕನ್) ಮರಿಗಳನ್ನು ಎತ್ತಿ ತಂದು, ಬೇಲಿ ಹಾಕಿ, ಮೀನು ತಿನ್ನಿಸಿ ದೊಡ್ಡದು ಮಾಡಿ ಬಿಟ್ಟವರಲ್ವಾ?

ಇನ್ನು, ಬದುಕಿದ್ದು ಗೊತ್ತಾಗುವುದು ಹೇಗೆ? ಕಾಲಿನ ಉಂಗುರದಿಂದ. ಮರಿಗೆ ಮೂರು ವಾರ ಆದಾಗ ಅಕ್ಷರ, ಅಂಕಿ ಇರುವ ಉಂಗುರ ತೊಡಿಸುತ್ತಾರೆ. ಮುಂದೆ ಎರಡು ಮೂರು ವರ್ಷ ಕಳೆದು ಬೇರೆಲ್ಲೋ ಗೂಡು ಮಾಡಿದಾಗ ಯಾರೋ ತೆಗೆದ ಫೋಟೊದಲ್ಲಿ ಆ ಅಂಕಿ ಸಿಕ್ಕರೆ, ಓ, ಇದು ಇಂಥ ಊರಿನ ಮರಿ ಅಂತ ಗೊತ್ತಾಗುತ್ತೆ. ಸಾಮಾನ್ಯವಾಗಿ ಗಂಡು ಹುಟ್ಟಿದ ಊರಿನ ಹತ್ತಿರವೇ ನೆಲೆ ನೋಡಿಕೊಳ್ಳುತ್ತೆ, ಹೆಣ್ಣು ದೂರ ಹೋಗುತ್ತೆ. ಆದರೆ ಒಂದು ಮಾತು. ಉಂಗುರ ಕಂಡರೆ ಮಾತ್ರ ಲೆಕ್ಕ. ಗಾಜಿಗೆ ಬಡಿದು ಫುಟ್‌ಪಾತ್‌ನಲ್ಲಿ ಸತ್ತ ಮರಿ ಜನರ ಕಣ್ಣಿಗೆ ಬೀಳುತ್ತೆ, ಕಾಡಲ್ಲಿ ಹಸಿವಿನಿಂದ ಸತ್ತದ್ದು ಯಾರಿಗೂ ಸಿಗಲ್ಲ. ಹಾಗಾಗಿ ಸಿಕ್ಕ ಹೆಣಗಳನ್ನಷ್ಟೇ ಎಣಿಸಿ 'ನಗರವೇ ಇವನ್ನು ಕೊಲ್ಲುತ್ತಿದೆ' ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಒಂದು ಕಾಲಕ್ಕೆ ಡಿಡಿಟಿ ಎಂಬ ಕೀಟನಾಶಕದಿಂದ ಈ ಹಕ್ಕಿಯ ಮೊಟ್ಟೆಯ ಚಿಪ್ಪು ತೆಳ್ಳಗಾಗಿ, ಕಾವಿಗೆ ಕೂತ ತಾಯಿಯ ಭಾರಕ್ಕೇ ಒಡೆಯುತ್ತಿತ್ತು. ಅಮೆರಿಕದಲ್ಲಿ 1972ರಲ್ಲಿ ಡಿಡಿಟಿ ನಿಷೇಧವಾಯಿತು, ಸಾಕಿ ಬೆಳೆಸಿದ ಮರಿಗಳನ್ನು ಬಿಟ್ಟರು, 1999ರಲ್ಲಿ ಅಳಿವಿನಂಚಿನ ಪಟ್ಟಿಯಿಂದ ಈ ಹಕ್ಕಿಯನ್ನು ತೆಗೆದರು. ಆಗ ಬಿಟ್ಟ ಮರಿಗಳಲ್ಲಿ ಎಷ್ಟೋ ಊರೊಳಗಿನ ಕಟ್ಟಡಗಳಲ್ಲೇ ಸಂಸಾರ ಹೂಡಿದವು.

ಮೆಲ್ಬರ್ನ್ ಮರಿ ಮೈಸೂರಿಗೆ ಬರಲ್ಲ. ಆದರೆ ಪೆರೆಗ್ರಿನ್ ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ. ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವವು ನಮ್ಮ ಕಡೆಯ ಕೆರೆಗಳ ಮೇಲೂ ಬೇಟೆ ಆಡುತ್ತವೆ, ಇಲ್ಲಿನದೇ ಆದ ಶಾಹೀನ್ ಎಂಬ ಪೆರೆಗ್ರಿನ್ ಉಪಜಾತಿ ಬಂಡೆಗಳಲ್ಲಿ ಗೂಡು ಮಾಡುತ್ತೆ. ಒಂದು ಜನವರಿ ಬೆಳಗ್ಗೆ ಕೆರೆ ಏರಿ ಮೇಲೆ ನಿಂತಿದ್ದಾಗ ಬಾತುಗಳೆಲ್ಲ ಒಟ್ಟಿಗೆ ನೀರಿಗೆ ಒತ್ತಿಕೊಂಡವು. ತಲೆ ಎತ್ತಿದರೆ ಕಂದು ಬಣ್ಣದ ಪೆರೆಗ್ರಿನ್, ಎದೆ ಮೇಲೆ ಉದ್ದುದ್ದ ಗೀರು. ಉದ್ದ ಗೀರಿದ್ದರೆ ಎಳೆಯದು. ದೊಡ್ಡದಕ್ಕೆ ಅಡ್ಡ ಪಟ್ಟೆ ಇರುತ್ತೆ, ಬೆನ್ನು ಬೂದಿ ಬಣ್ಣ. ಎರಡು ಸಲ ಎರಗಿತು, ಎರಡು ಸಲವೂ ಏನೂ ಸಿಗದೆ ಬರಿಗಾಲಲ್ಲಿ ಮೇಲೆದ್ದಿತು. ಹೊಟ್ಟೆಗೆ ಏನಾದರೂ ಸಿಕ್ಕಿತಾ ಅಂತ ಆ ದಿನವೆಲ್ಲ ಯೋಚಿಸಿದ್ದೆ. ಡಿಸೆಂಬರ್‌ನಲ್ಲಿ ಮೊಮ್ಮಗಳನ್ನು ಬೆಳಗ್ಗೆ ಬೇಗ ಒಂದು ಕೆರೆಗೆ ಕರೆದುಕೊಂಡು ಹೋಗಿ. ಉಂಗುರ ಇರುವ ಯಾವ ಹಕ್ಕಿ ಕಂಡರೂ ಕಾಲಿನ ಫೋಟೊ ತೆಗೆದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ.

ಪ್ರಶ್ನೆ: ಹಿತ್ತಲ ತೆಂಗಿನ ಮರದಿಂದ ಹದ್ದಿನ ಮರಿ ಬಿದ್ದಿದೆ. ಹಾಲು ಕುಡಿಸಬಹುದಾ?
– ಓದುಗರೊಬ್ಬರು, ಮಂಡ್ಯ

ಉತ್ತರ: ಹಾಲೂ ಬೇಡ, ಅನ್ನವೂ ಬೇಡ, ಬಾಯಿಗೆ ನೀರು ಹಾಕುವುದೂ ಬೇಡ. ಗಾಯ ಇಲ್ಲದಿದ್ದರೆ ದಪ್ಪ ಬಟ್ಟೆಯಲ್ಲಿ ಹಿಡಿದು, ಬಿದಿರು ಬುಟ್ಟಿಯಲ್ಲಿ ಹುಲ್ಲು ಹಾಸಿ ಕೂರಿಸಿ, ನಾಯಿ ಬೆಕ್ಕಿಗೆ ಎಟುಕದಂತೆ ತಾರಸಿ ಮೇಲೋ ಕೊಂಬೆಗೋ ಕಟ್ಟಿ ದೂರ ಸರಿಯಿರಿ. ಕೂಗು ಕೇಳಿದರೆ ಅಪ್ಪ ಅಮ್ಮ ಅಲ್ಲಿಗೇ ಊಟ ತರುತ್ತವೆ. ರೆಕ್ಕೆ ಜೋತುಬಿದ್ದಿದ್ದರೆ ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಕತ್ತಲಲ್ಲಿಟ್ಟು ಅರಣ್ಯ ಇಲಾಖೆಗೆ ಫೋನ್ ಮಾಡಿ. ಮನೆಯಲ್ಲಿ ಸಾಕಿಕೊಳ್ಳಲು ಕಾನೂನು ಬಿಡಲ್ಲ. ಬುಟ್ಟಿ ಕಟ್ಟುವಾಗ ತಾಯಿ ತಲೆ ಮೇಲೆ ಎರಗಬಹುದು, ಒಬ್ಬರು ಕೊಡೆ ಬಿಚ್ಚಿ ಹಿಡಿದುಕೊಳ್ಳಿ.