ರಾಜ್ಯಶಾಸ್ತ್ರದ ಪ್ರೊಫೆಸರ್ ಎಲಿನರ್ ಓಸ್ಟ್ರಮ್‌ಗೆ ಅರ್ಥಶಾಸ್ತ್ರದ ನೊಬೆಲ್ ಏಕೆ? ಶಿರಸಿಯ ಸೊಪ್ಪಿನ ಬೆಟ್ಟದಲ್ಲಿ ಅವರ ಸಂಶೋಧನೆ ಅರ್ಥವಾಗುತ್ತದೆಯೇ?

ಹಂಚಿಕೊಂಡು ಬಳಸುವ ಕಾಡು, ನೀರು, ಮೀನನ್ನು ಬಳಕೆದಾರರೇ ನಿಯಮ ಮಾಡಿಕೊಂಡು ಉಳಿಸಬಲ್ಲರು ಎಂದು ತೋರಿಸಿದ್ದಕ್ಕೆ. 2009ರಲ್ಲಿ ಆಲಿವರ್ ವಿಲಿಯಮ್ಸನ್ ಜೊತೆ ಬಹುಮಾನ ಹಂಚಿಕೊಂಡರು; ಈ ವಿಭಾಗದಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಅವರೇ. 1965ರ ಪಿಎಚ್‌ಡಿ ಕ್ಯಾಲಿಫೋರ್ನಿಯಾದ ಅಂತರ್ಜಲದ ಬಗ್ಗೆ. ಮುಂದೆ ಪಾಠ ಮಾಡಿದ್ದು ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ.

ಶಿರಸಿ ಕಡೆಯವರಿಗೆ ಇದು ಬೇಗ ಹಿಡಿಯುತ್ತದೆ. ಘಟ್ಟದ ಮೇಲೆ ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ಕಡಿಯುವ ಕಾಡಿನ, ಹಕ್ಕಿದೆ. ಕಡಿದ ಸೊಪ್ಪು ಕೊಟ್ಟಿಗೆಯಲ್ಲಿ ದನದ ಕಾಲಡಿ ಬಿದ್ದು, ಸಗಣಿ ಸೇರಿ ಗೊಬ್ಬರವಾಗಿ ಅಡಿಕೆ ಬುಡಕ್ಕೆ ಹೋಗುತ್ತದೆ. ನಾಲ್ಕು ಮನೆಯ ಜಂಟಿ ಬೆಟ್ಟವಾದರೆ ತೊಡಕು ಶುರು: ನಾನು ಬಿಟ್ಟ ಟೊಂಗೆಯನ್ನು ಪಕ್ಕದವ ಕಡಿಯುತ್ತಾನೆ ಎಂಬ ಭಯಕ್ಕೆ ಎಲ್ಲರೂ ತುದಿಯವರೆಗೆ ಸವರಿಬಿಡುತ್ತಾರೆ, ಮರ ಬೋಳಾಗಿ ಒಣಗುತ್ತದೆ.

ಓಸ್ಟ್ರಮ್ ಕಂಡುಕೊಂಡದ್ದು ಈ ಭಯ ಹೋಗುವ ಬಗೆ. ಗಡಿ ಸ್ಪಷ್ಟವಿರಬೇಕು, ನಿಯಮ ಮಾಡುವಾಗ ಕಡಿಯುವವರೇ ಕೂತಿರಬೇಕು, ಕಾವಲಿಗೆ ಅವರವರೇ ಇರಬೇಕು, ತಪ್ಪಿಗೆ ಮೊದಲು ಸಣ್ಣ ದಂಡ, ಮತ್ತೆ ಮಾಡಿದರೆ ದೊಡ್ಡದು. ನನಗೆ ಇದರಲ್ಲಿ ಕಾವಲೇ ಮುಖ್ಯ ಅನ್ನಿಸುತ್ತದೆ: ಪಕ್ಕದವನೂ ತುದಿ ಬಿಟ್ಟಿದ್ದು ಕಣ್ಣಿಗೆ ಕಂಡರೆ ಮಾತ್ರ ನಮ್ಮ ಕತ್ತಿ ನಿಲ್ಲುತ್ತದೆ.