ಪ್ರತಿಕ್ರಿಯೆ: ಆಕಾಶಬುಟ್ಟಿಯ ಕಾಗದ ಸುಕ್ಕಾಗಿ ಹರಿಯುತ್ತಿದೆ

ಇದು ಹೆಚ್ಚಾಗಿ ಅಂಟು ನೀರಾಗಿದ್ದರಿಂದ ಆಗಿದೆ. ಗಾಳಿಪಟದ ಕಾಗದ ತೇವ ಕುಡಿದರೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ನೀವು ಬಿಗಿಯಾಗಿ ಎಳೆದು ಅಂಟಿಸಿ, ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟೆ ಅಂದಿದ್ದೀರಿ. ಕಲಬುರಗಿಯ ಬಿಸಿಲಿಗೆ ಅದು ಬೇಗ ಒಣಗಿ ಮೂಲೆಯಲ್ಲಿ ಹರಿದಿರಬೇಕು. ಬಿದಿರಿನ ಕಡ್ಡಿಯ ಸಿಬಿರು ಚುಚ್ಚಿದ್ದರೂ ಹೀಗೇ ಆಗುತ್ತದೆ. ಫೋಟೊ ನೋಡದೆ ಯಾವುದೆಂದು ಖಚಿತವಾಗಿ ಹೇಳಲಾರೆ, ಎರಡನ್ನೂ ಸರಿಮಾಡಿ.

ಮೊದಲು ಕಡ್ಡಿಗಳನ್ನು ಉಜ್ಜುಕಾಗದದಿಂದ ನುಣುಪು ಮಾಡಿ. ದಾರದ ಗಂಟಿನ ತುದಿ ಒಳಗಡೆ ಇರಲಿ.

2 ಚಮಚ ಮೈದಾವನ್ನು 8 ಚಮಚ ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಗಂಜಿಗಿಂತ ಗಟ್ಟಿ ಮಾಡಿ. ಪೂರ್ತಿ ಆರಲಿ. ಬಿಸಿ ಅಂಟು ಹಚ್ಚಿದರೆ ಕಾಗದ ಮೆತ್ತಗಾಗುತ್ತದೆ, ಮಕ್ಕಳ ಬೆರಳೂ ಸುಡುತ್ತದೆ.

ಕಾಗದವನ್ನು ಚೌಕಟ್ಟಿಗಿಂತ ಎಲ್ಲಾ ಕಡೆ ಒಂದು ಬೆರಳು ಜಾಸ್ತಿ ಕತ್ತರಿಸಿ. ಅಂಟು ಕಡ್ಡಿಗೆ ಮಾತ್ರ, ತೆಳ್ಳಗೆ. ಕಾಗದವನ್ನು ಸುಮ್ನೆ ಮೇಲಿಟ್ಟು ಒತ್ತಿ, ಎಳೆಯಬೇಡಿ. ಮಡಚುವ ಅಂಚಿಗೆ ಮೂಲೆಯಲ್ಲಿ ಒಂದು ಕತ್ತರಿ ಗೀಟು ಹಾಕಿದರೆ ಸುಕ್ಕು ಬರಲ್ಲ. ಒಂದು ಮುಖ ಒಣಗಿದ ಮೇಲೆಯೇ ಇನ್ನೊಂದು. ಮನೆಯೊಳಗೆ ನೆರಳಲ್ಲಿ, ಫ್ಯಾನ್ ಹಾಕದೆ ಒಣಗಿಸಿ.

ಈಗ ಹರಿದಿರುವುದನ್ನು ಎಸೆಯಬೇಡಿ. ಹರಿದ ಕಡೆ ಬೇರೆ ಬಣ್ಣದ ಕಾಗದದ ಹೂವು ಅಂಟಿಸಿ, ಚೆಂದವೇ ಕಾಣುತ್ತದೆ. ಒಳಗೆ ದೀಪ, ಮೇಣದಬತ್ತಿ ಬೇಡವೇ ಬೇಡ. ಸಣ್ಣ ಎಲ್‌ಇಡಿ ಬಲ್ಬು ಕಾಗದಕ್ಕೆ ತಾಗದಂತೆ ಇಳಿಬಿಡಿ.