8 ಕಂಪ್ಯೂಟರ್, 24 ಮಕ್ಕಳು: ಮೂವರಿಗೆ ಒಂದಾದರೆ ಕಲಿಕೆ ಆಗುತ್ತಾ?

ನಿಮ್ಮ ಶಾಲೆಯಲ್ಲಿ 8 ಕಂಪ್ಯೂಟರ್, 24 ಮಕ್ಕಳು. ಒಂದರ ಮುಂದೆ ಮೂವರು ಕೂತರೆ ಏನಾದರೂ ಕಲಿಯುತ್ತಾರಾ ಅಂತ ಕೇಳಿದ್ದೀರಿ. ಖಂಡಿತ ಕಲಿಯುತ್ತಾರೆ. ನಾನು ಶಿರಸಿ ಹತ್ತಿರ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನಾಳೆ ಎಲ್ಲರಿಗೂ ಒಂದೊಂದು ಕಂಪ್ಯೂಟರ್ ಬಂದರೂ ಮೂವರನ್ನೇ ಒಟ್ಟಿಗೆ ಕೂರಿಸುತ್ತೇನೆ.

ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆಯ ಜೊತೆಗೇ ಬರುವ 'ಟರ್ಟಲ್' ಇದೆಯಲ್ಲ, ನಾವು ಹೇಳಿದಂತೆ ಗೆರೆ ಎಳೆಯುತ್ತಾ ಹೋಗುವ ಆಮೆ, ಅದನ್ನು ಬಳಸಿ. 1967ರಲ್ಲಿ ಸೈಮೋರ್ ಪ್ಯಾಪರ್ಟ್ ಮತ್ತು ಜೊತೆಗಾರರು ಮಕ್ಕಳಿಗಾಗಿ ಮಾಡಿದ ಲೋಗೋ ಭಾಷೆಯಿಂದ ಬಂದದ್ದು. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಬೇಡ. ನಮ್ಮ ಕಡೆಯ ಮಳೆಗಾಲದಲ್ಲಿ ಅದೇ ದೊಡ್ಡ ಉಪಕಾರ ಅಲ್ವಾ?

ಒಂಬತ್ತನೇ ಕ್ಲಾಸಿನ ಮೂವರು ಹುಡುಗಿಯರಿಗೆ ಸಮಬಾಹು ತ್ರಿಭುಜ ಬಿಡಿಸಿ ಅಂದೆ. ಅದರ ಕೋನ 60 ಅಂತ ಬಾಯಿಪಾಠ ಇತ್ತು. 100 ಮುಂದೆ ಹೋಗು, 60 ಡಿಗ್ರಿ ತಿರುಗು, ಹೀಗೆ ಮೂರು ಸಲ ಅಂತ ಬರೆದರು. ಪರದೆ ಮೇಲೆ ಬಂದದ್ದು ಬಾಯಿ ತೆರೆದ ಬಾಣಲೆಯಂಥ ಗೆರೆ.

ಉತ್ತರ ನನ್ನ ನಾಲಿಗೆ ತುದಿಯಲ್ಲಿತ್ತು. ತಡೆದುಕೊಂಡೆ. ಒಬ್ಬಳು ಕಂಪ್ಯೂಟರೇ ಹಾಳಾಗಿದೆ ಅಂದಳು. ಇನ್ನೊಬ್ಬಳು ಸುಮ್ನೆ 90 ಹಾಕಿ ನೋಡಿದಳು. ಮೂರನೆಯವಳು ಚಾಕ್‌ಪೀಸ್ ಹಿಡಿದು ಜಗುಲಿಗೆ ಹೋದಳು. ನೆಲದ ಮೇಲೆ ದೊಡ್ಡ ತ್ರಿಭುಜ ಬರೆದು, "ನೀನೇ ಆಮೆ, ಇದರ ಮೇಲೆ ನಡಿ" ಅಂತ ಗೆಳತಿಯನ್ನು ನಿಲ್ಲಿಸಿದಳು. ಮೂಲೆಗೆ ಬಂದವಳು ಹೆಚ್ಚುಕಮ್ಮಿ ಬಂದ ಕಡೆಗೇ ಮುಖ ಮಾಡಬೇಕಾಯಿತು. "60 ಅಲ್ಲ ಮಾರಾಯ್ತಿ, ಜಾಸ್ತಿ ತಿರುಗಬೇಕು!" ಆಮೆ ತಿರುಗುವುದು ಹೊರಕೋನದಷ್ಟು, ಅಂದರೆ 180ರಲ್ಲಿ 60 ಕಳೆದು 120. ಮೂವರೂ ಒಳಗೆ ಓಡಿದರು. ತ್ರಿಭುಜ ಬಂತು. ಆಮೇಲೆ ಹಳೆಯ 60ನ್ನೇ ಆರು ಸಲ ಹಾಕಿದರು, ಷಟ್ಕೋನ ಆಯಿತು. ಪಂಚಕೋನಕ್ಕೆ ಪೂರ್ತಿ ಒಂದು ಸುತ್ತಿನ 360ನ್ನು 5ರಿಂದ ಭಾಗಿಸಿ 72 ಅಂತ ನಾನು ಕೇಳುವ ಮೊದಲೇ ಹೇಳಿದರು.

ಒಬ್ಬಳೇ ಕೂತಿದ್ದರೆ 90, 100 ಅಂತ ಹಾಕುತ್ತಲೇ ಇರುತ್ತಿದ್ದಳೋ ಏನೋ. ಪಕ್ಕದವರಿಗೆ ಒಪ್ಪಿಸಬೇಕಾದಾಗ ಕಾರಣ ಹುಡುಕಲೇಬೇಕಾಗುತ್ತದೆ.

ಆದರೆ ಒಂದು ಎಚ್ಚರ ಬೇಕು. ಜೋರಿನ ಮಗು ಕೀಬೋರ್ಡ್ ಹಿಡಿದರೆ ಉಳಿದವರು ಗೋಡೆ ನೋಡುತ್ತಾ ಕೂರುತ್ತಾರೆ. ಅದಕ್ಕೇ ನಮ್ಮಲ್ಲಿ ಕೀಬೋರ್ಡ್ ಹಿಡಿದವರು ಇನ್ನೊಬ್ಬರು ಹೇಳಿದ್ದನ್ನಷ್ಟೇ ಒತ್ತಬೇಕು. ಮೂರನೆಯವರು, ಪ್ರೋಗ್ರಾಂ ಓಡಿಸುವ ಮೊದಲೇ, ಯಾವ ಆಕಾರ ಬರಬಹುದು ಅಂತ ನೋಟ್‌ಬುಕ್ಕಿನಲ್ಲಿ ಬಿಡಿಸಬೇಕು. ಹತ್ತು ನಿಮಿಷಕ್ಕೊಮ್ಮೆ ಜಾಗ ಬದಲು. ನಡುವೆ ಕರೆಂಟ್ ಹೋದರೆ ಚಾಕ್‌ಪೀಸ್ ಕೊಟ್ಟು ಜಗುಲಿಗೆ ಕಳಿಸಿ.